ತಪ್ಪು ಲೆಕ್ಕಕ್ಕೆ ರೈಟ್ ಹಾಕಿದ ವರ್ಷ

ಎಂಟನೇ ತರಗತಿಯ ಆ ಹುಡುಗಿಯ ಗಣಿತದ ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಎಡಗಡೆ ಅಂಚಿನ ಗೆರೆ, ಪ್ರತಿ ಹಂತಕ್ಕೂ ಒಂದು ಸಾಲು, ಸಮ ಚಿಹ್ನೆಗಳು ಒಂದರ ಕೆಳಗೊಂದು ನೇರವಾಗಿ, ಉತ್ತರದ ಸುತ್ತ ಪೆನ್ಸಿಲಿನ ಚೌಕ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ದಿನವೂ ಅದು ನನ್ನ ಮೇಜಿಗೆ ಬರದೆ ಇದ್ದದ್ದಿಲ್ಲ. ಹೋಂವರ್ಕ್ ತರದವರನ್ನು ನಿಲ್ಲಿಸಿ ಬೈಯುವಾಗ ನಾನು ಆ ಪುಸ್ತಕವನ್ನೇ ಎತ್ತಿ ತೋರಿಸುತ್ತಿದ್ದೆ. ಹುಡುಗಿ ಆಗೆಲ್ಲ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದಳು. ಸಂಕೋಚದ ಸ್ವಭಾವ ಎಂದುಕೊಂಡಿದ್ದೆ.

ಕುಂಬಾರಕೊಪ್ಪಲಿನ ಹತ್ತಿರದ ಒಂದು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಆಗ ಅಲ್ಲಿಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಮನೆ ಲಕ್ಷ್ಮೀಪುರಂನಲ್ಲಿ. ಸಂಜೆ ಸ್ಕೂಟರಿನಲ್ಲಿ ಮರಳುವಾಗ ಕಾಲಿನ ಬಳಿ ಯಾವಾಗಲೂ ನೋಟ್‌ಬುಕ್ಕುಗಳ ಒಂದು ಚೀಲ ಇರುತ್ತಿತ್ತು. ದಿನಕ್ಕೆ ಹತ್ತು ಲೆಕ್ಕ ಕೊಡುವುದು ನನ್ನ ಪದ್ಧತಿ; ಒಂದು ನನ್ನ ಬಳಿ ಇರುವಾಗ ಬರೆಯಲು ಇನ್ನೊಂದು ಎಂದು ಪ್ರತಿ ಮಗುವಿಗೂ ಎರಡು ನೋಟ್‌ಬುಕ್. ಮಕ್ಕಳು ನನ್ನ ಬೆನ್ನ ಹಿಂದೆ ‘ಹತ್ತು ಲೆಕ್ಕದ ಮಿಸ್’ ಎನ್ನುತ್ತಿದ್ದುದು ನನಗೆ ಗೊತ್ತಿತ್ತು, ಅದರಲ್ಲಿ ಬೇಸರವೇನೂ ಇರಲಿಲ್ಲ. ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದೆ: ಹೋಂವರ್ಕ್ ಕೊಡುವುದು ಲೆಕ್ಕ ಕಲಿಯಲಿ ಎಂದು ಮಾತ್ರ ಅಲ್ಲ, ತನ್ನ ಕೆಲಸ ತಾನು ಮಾಡುವ ಜವಾಬ್ದಾರಿ ಬರಲಿ, ದಿನಾ ಒಂದು ಹೊತ್ತಿಗೆ ಕೂತು ಓದುವ ಅಭ್ಯಾಸವಾಗಲಿ ಎಂದು. ಪೋಷಕರು ತಲೆಯಾಡಿಸುತ್ತಿದ್ದರು. ನಾನೂ ಅದನ್ನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಆಗಸ್ಟ್ ಕೊನೆಯಲ್ಲಿ ಮೊದಲ ಪರೀಕ್ಷೆಯಾಯಿತು. ಆ ಹುಡುಗಿಗೆ ಇಪ್ಪತ್ತಕ್ಕೆ ನಾಲ್ಕು ಅಂಕ ಬಂತು. ಉತ್ತರಪತ್ರಿಕೆಯನ್ನು ಎರಡು ಸಲ ತಿರುವಿ ನೋಡಿದೆ. ಅಕ್ಷರ ಅವಳದೇ, ಗೆರೆಗಳೂ ನೇರವಾಗಿಯೇ ಇದ್ದವು. ಆದರೆ ಮೊದಲ ಹಂತದ ನಂತರ ಏನು ಬರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರಶ್ನೆಯನ್ನೇ ಮತ್ತೊಮ್ಮೆ ಚೆನ್ನಾಗಿ ಬರೆದು ಬಿಟ್ಟಿದ್ದಳು.

ಮರುದಿನ ತರಗತಿಯಲ್ಲಿ ಅವಳನ್ನು ಬೋರ್ಡಿಗೆ ಕರೆದೆ. ಅವಳದೇ ನೋಟ್‌ಬುಕ್ಕಿನಿಂದ, ಹಿಂದಿನ ವಾರ ಅವಳು ಮಾಡಿ ತಂದಿದ್ದ ಒಂದು ಲೆಕ್ಕವನ್ನು ಬರೆದೆ.

"ಮಾಡು" ಎಂದೆ.

ಅವಳು ಸೀಮೆಸುಣ್ಣ ಹಿಡಿದುಕೊಂಡು ನಿಂತಳು. ಒಂದು ನಿಮಿಷ, ಎರಡು ನಿಮಿಷ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಇದನ್ನ ಶುಕ್ರವಾರ ನೀನೇ ಮಾಡ್ಕೊಂಡು ಬಂದಿದ್ದೀಯ. ನಾನು ರೈಟ್ ಹಾಕಿದ್ದೀನಿ. ಈಗ ಯಾಕೆ ಬರ್ತಿಲ್ಲ?"

ಅವಳು ಬೋರ್ಡಿನ ಅಂಚಿನ ಧೂಳು ಒರೆಸಿದಳು.

"ಗೈಡ್ ನೋಡಿ ಬರೀತಿದ್ದೀಯಾ? ಇಲ್ಲಾ ಟ್ಯೂಷನ್‌ನಲ್ಲಿ ಮಾಡಿಕೊಡ್ತಿದ್ದಾರಾ?"

"ಗೈಡ್ ಇಲ್ಲ ಮಿಸ್."

"ಮತ್ತೆ?"

ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ನನಗೆ ಮೋಸ ಮಾಡಿದ ಪುಸ್ತಕವನ್ನೇ ಮೂರು ತಿಂಗಳು ಇಡೀ ತರಗತಿಗೆ ಎತ್ತಿ ತೋರಿಸಿದ್ದೆನಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಎಲ್ಲರ ಮುಂದೆಯೇ, ಇನ್ನು ಮುಂದೆ ಈ ಹುಡುಗಿಯ ಪುಸ್ತಕ ನೋಡುವುದಿಲ್ಲ, ತಾಯಿಯನ್ನು ಕರೆದುಕೊಂಡು ಬಂದರೆ ಮಾತ್ರ ನೋಡುವೆ ಎಂದೆ. ಅದು ಬೇಡವಾಗಿತ್ತು ಎಂದು ಅದೇ ದಿನ ಸಂಜೆ ಅನ್ನಿಸಿತು. ಆದರೆ ಆಡಿಯಾಗಿತ್ತು.

ತಾಯಿ ಬಂದದ್ದು ಮೂರು ದಿನ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ. ಮೂವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲೊಂದು ಬಟ್ಟೆಯ ಚೀಲ, ಅದರ ತುಂಬ ಹೊಲಿದ ರವಿಕೆಗಳು. ಮನೆಯಲ್ಲೇ ಹೊಲಿಗೆ ಮಾಡುತ್ತಾರಂತೆ, ಗಂಡ ಗೂಡ್ಸ್ ಆಟೋ ಓಡಿಸುತ್ತಾರಂತೆ. ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಸ್ಟಾಫ್ ರೂಮಿನಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಮಾತು ಶುರು ಮಾಡುವ ಮೊದಲೇ ಅವರು ಹೇಳಿಬಿಟ್ಟರು.

"ನಾನೇ ಮಾಡಿದ್ದು ಮೇಡಂ. ಅವ್ಳದೇನೂ ತಪ್ಪಿಲ್ಲ."

"ಏನು ಮಾಡಿದ್ದು?"

"ಲೆಕ್ಕ. ಎಲ್ಲಾ ನಾನೇ ಮಾಡ್ತಿದ್ದುದ್ದು. ರವಿಕೆ ಅಳತೆಗೆ ಕಟಿಂಗ್ ಪೇಪರ್ ಇರ್ತವಲ್ಲ, ಅದ್ರ ಮೇಲೆ ಮಾಡ್ಕೊಡ್ತಿದ್ದೆ. ಅವ್ಳು ನೋಡ್ಕೊಂಡು ನೀಟಾಗಿ ಬರ್ಕೊತಿದ್ಲು. ನಾನು ಲೆಕ್ಕ ಮಾಡೋ ಅಷ್ಟೊತ್ತೂ ನನ್ ಕೆಲ್ಸ ಅವ್ಳು ಮಾಡೋಳು. ಹುಕ್ಕು ಹಾಕೋದು, ಅಂಚು ಮಡಚಿ ಎಮ್ಮಿಂಗು ಮಾಡೋದು. ಅಂಗೇ ಅಭ್ಯಾಸ ಆಗೋಯ್ತು."

ಓದಿದ್ದೆಷ್ಟು ಎಂದು ಕೇಳಿದೆ. ಒಂಬತ್ತನೇ ತರಗತಿಗೆ ನಿಂತುಹೋಯಿತು ಎಂದರು. ಹಾಗಾದರೆ ಇದೆಲ್ಲ ಶುರುವಾದದ್ದು ಹೇಗೆ?

"ಶಾಲೆ ಮುಚ್ಚಿದ್ರಲ್ಲ ಮೇಡಂ, ಕೊರೋನಾ ಟೈಮಲ್ಲಿ. ಆಗ ಪಾಠ ಬರ್ತಿದ್ದುದ್ದು ನನ್ ಫೋನಿಗೆ. ಮದ್ವೆ ಗಿದ್ವೆ ಇಲ್ಲ, ಹೊಲಿಗೇನೂ ಇಲ್ಲ, ಸುಮ್ನೆ ಕೂತಿದ್ದೆ. ಇವ್ಳಿಗೆ ಹೇಳ್ಕೊಡೋಣ ಅಂತ ನೋಡೋಕ್ಕೆ ಶುರು ಮಾಡ್ದೆ. ಇವ್ಳು ಎದ್ದೋಗ್ಬುಡೋಳು. ನಾನು ಕೂತ್ಬುಡ್ತಿದ್ದೆ. ಒಂದು ಲೆಕ್ಕ ಆದ್ರೆ ಇನ್ನೊಂದು ಮಾಡಣ ಅನ್ಸೋದು. ಆಮೇಲೆ ಶಾಲೆ ತೆಗೆದ್ರು, ನನ್ಗೆ ಬುಡೋಕಾಗ್ಲಿಲ್ಲ."

ಪಕ್ಕದ ಮೇಜಿನಲ್ಲಿ ವಿಜ್ಞಾನದ ಟೀಚರ್ ಊಟದ ಡಬ್ಬಿ ಮುಚ್ಚಿ ಕೇಳುತ್ತಿದ್ದರು. ನಾನು ಇಂಥ ಸಂದರ್ಭಕ್ಕೆ ಹೇಳುವ ಮಾತನ್ನು ಹೇಳಿದೆ: ನೀವು ಮಗಳಿಗೆ ಸಹಾಯ ಮಾಡುತ್ತಿದ್ದೀರಿ ಎಂದುಕೊಂಡಿದ್ದೀರಿ, ಆದರೆ ಅವಳ ಅಭ್ಯಾಸ ಕೆಡಿಸಿದ್ದೀರಿ, ಹೋಂವರ್ಕಿನ ಉದ್ದೇಶವೇ ಜವಾಬ್ದಾರಿ. ಅವರು ಎಲ್ಲಕ್ಕೂ ಹೂಂ ಎಂದರು. ನಾನು ಮುಗಿಸಿದ ಮೇಲೆ ಚೀಲದೊಳಗಿಂದ ಮಗಳ ನೋಟ್‌ಬುಕ್ ತೆಗೆದರು.

"ಒಂದು ಕೇಳ್ಲಾ ಮೇಡಂ? ನೀವು ಬೇಜಾರು ಮಾಡ್ಕೋಬಾರ್ದು."

"ಕೇಳಿ."

ಒಂದು ಪುಟ ತೆರೆದು, ಮೂರನೆಯ ಲೆಕ್ಕದ ಮೇಲೆ ಬೆರಳಿಟ್ಟರು. ನಾನೇ ಬೋರ್ಡಿನ ಮೇಲೆ ಬರೆದು ಕೊಟ್ಟಿದ್ದ ಸಮೀಕರಣ. ಆವರಣದೊಳಗೆ ಎಕ್ಸ್ ಮೈನಸ್ ನಾಲ್ಕು, ಹೊರಗೆ ಮೂರು. ಆಚೆ ಕಡೆ ಎರಡು ಎಕ್ಸ್ ಪ್ಲಸ್ ಐದು. ಉತ್ತರ ಒಂಬತ್ತು ಎಂದು ಬರೆದು ಚೌಕ ಹಾಕಿತ್ತು. ಪಕ್ಕದಲ್ಲಿ ನನ್ನ ಕೆಂಪು ರೈಟ್.

"ಇದು ತಪ್ಪಲ್ವಾ ಮೇಡಂ? ಒಂಬತ್ತು ಹಾಕಿ ನೋಡುದ್ರೆ ಈ ಕಡೆ ಹದಿನೈದು ಬರ್ತದೆ, ಆ ಕಡೆ ಇಪ್ಪತ್ಮೂರು ಬರ್ತದೆ. ಹೊರಗಡೆ ಇರೋ ಮೂರನ್ನ ನಾನು ಎಕ್ಸ್‌ಗೆ ಮಾತ್ರ ಗುಣಿಸ್ಬುಟ್ಟಿದ್ದೀನಿ, ನಾಲ್ಕಕ್ಕೆ ಗುಣಿಸಿಲ್ಲ. ಹದಿನೇಳು ಬರ್ಬೇಕು. ನೀವು ರೈಟ್ ಹಾಕಿದ್ರಲ್ಲ, ಅದ್ಕೆ ನನ್ಗೇ ಏನೋ ಗೊತ್ತಿಲ್ಲ ಅಂದ್ಕೊಂಡು ಎರಡು ದಿನ ಇದ್ನೇ ಮಾಡ್ದೆ."

ನಾನು ಮನಸ್ಸಿನಲ್ಲೇ ಲೆಕ್ಕ ಮಾಡಿದೆ. ಹದಿನೇಳೇ ಬರಬೇಕಿತ್ತು.

"ತೊಂಬತ್ತು ಪುಸ್ತಕ ನೋಡ್ಬೇಕಲ್ಲ ದಿನಾ" ಎಂದೆ.

"ಹೌದು ಮೇಡಂ. ತೊಂಬತ್ತು ಅಂದ್ರೆ ಕಷ್ಟ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಸುಲಭವಾಗಿ ತಿರುಗಿಸಿ ಮಾತಾಡಬಹುದಿತ್ತು. ರವಿಕೆಗಳನ್ನು ಕೊಡುವುದಕ್ಕೆ ಹೊತ್ತಾಯಿತು ಎಂದು ಅವರು ಹೊರಟರು. ಬಾಗಿಲ ಹತ್ತಿರ ತಿರುಗಿ, "ನಾಳೆಯಿಂದ ನಾನು ಮುಟ್ಟಲ್ಲ ಮೇಡಂ, ಅವ್ಳೇ ಮಾಡ್ತಾಳೆ" ಎಂದರು.

ಆ ದಿನ ಶಾಲೆಯಿಂದ ಬಂದವಳು ಕಾಫಿ ಕುಡಿದು, ಚೀಲವನ್ನು ಊಟದ ಮೇಜಿನ ಮೇಲೆ ಸುರಿದುಕೊಂಡು ಕೂತೆ. ಸಾಮಾನ್ಯವಾಗಿ ತೊಂಬತ್ತು ಪುಸ್ತಕಗಳಿಗೆ ನನಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು. ಪುಟ ತಿರುವುವುದು, ಹತ್ತೂ ಲೆಕ್ಕ ಇದೆಯೇ ಎಂದು ಕಣ್ಣಾಡಿಸುವುದು, ಕೊನೆಯ ಉತ್ತರ ನೋಡುವುದು, ರೈಟ್, ಸಹಿ, ದಿನಾಂಕ. ಅವತ್ತು ಒಂದೊಂದು ಸಾಲನ್ನೂ ಓದಿದೆ. ಹನ್ನೆರಡು ಪುಸ್ತಕ ಮುಗಿಯುವಷ್ಟರಲ್ಲಿ ಒಂದು ಗಂಟೆ ದಾಟಿತು.

ಆ ಹನ್ನೆರಡರಲ್ಲಿ ಏಳು ಪುಸ್ತಕಗಳು ಒಂದೇ ಪುಸ್ತಕದಿಂದ ಹುಟ್ಟಿದ್ದವು. ಏಳರಲ್ಲೂ ಐದನೆಯ ಲೆಕ್ಕದ ಎರಡನೇ ಹಂತ ಬಿಟ್ಟುಹೋಗಿತ್ತು. ಏಳರಲ್ಲೂ ‘ಸಮೀಕರಣ’ದ ದೀರ್ಘ ಕಾಣೆಯಾಗಿತ್ತು. ಹಿಂದಿನ ಪುಟಗಳನ್ನು ತಿರುವಿದರೆ ಅಲ್ಲೂ ಅದೇ. ಎಲ್ಲದರ ಕೆಳಗೂ ನನ್ನ ರೈಟ್, ನನ್ನ ಸಹಿ. ಒಂದು ಪುಸ್ತಕದಲ್ಲಿ ಹತ್ತನೆಯ ಲೆಕ್ಕದ ಜಾಗದಲ್ಲಿ ಮೂರನೆಯದನ್ನೇ ಮತ್ತೆ ಬರೆದಿತ್ತು, ಅದಕ್ಕೆ ‘ಗುಡ್’ ಎಂದು ಬರೆದಿದ್ದೆ. ತಮ್ಮ ಕೆಲಸ ತಾವು ಮಾಡಿಕೊಳ್ಳಲಿ ಎಂದು ನಾನು ಕೊಟ್ಟದ್ದನ್ನು ಮಕ್ಕಳು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಪುಸ್ತಕವಿಟ್ಟು ಮುಗಿಸುತ್ತಿದ್ದರು. ನಾನು ಕೂಡ ಅದನ್ನು ಹೆಚ್ಚುಕಡಿಮೆ ಹಾಗೆಯೇ ಮುಗಿಸುತ್ತಿದ್ದೆ.

ಮುಂದಿನ ಸೋಮವಾರದಿಂದ ಹತ್ತು ಲೆಕ್ಕ ನಿಲ್ಲಿಸಿದೆ. ದಿನಕ್ಕೆ ಮೂರು. ತಪ್ಪಾದರೂ ಪರವಾಗಿಲ್ಲ, ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತೋ ಅಲ್ಲಿ ಒಂದು ಗೆರೆ ಎಳೆದು, ಏನು ಗೊತ್ತಾಗಲಿಲ್ಲ ಎಂದು ಒಂದು ಸಾಲು ಬರೆಯಬೇಕು. ಮಾಡಿರದಿದ್ದರೆ ನಾನು ಕೇಳುವ ಮೊದಲು ಬಂದು ಹೇಳಬೇಕು. ಎರಡು ವಿಭಾಗದ ಪುಸ್ತಕಗಳನ್ನು ಒಂದೇ ದಿನ ನೋಡುವುದನ್ನು ಬಿಟ್ಟು, ದಿನಕ್ಕೆ ಮೂವತ್ತರಂತೆ ನೋಡತೊಡಗಿದೆ. ಎರಡೇ ವಾರದಲ್ಲಿ ಪೋಷಕರಿಂದ ದೂರು ಬಂತು. ಗಣಿತದ ಮಿಸ್ ಹೋಂವರ್ಕ್ ಕಮ್ಮಿ ಮಾಡಿದ್ದಾರೆ, ಮಕ್ಕಳು ಮನೆಯಲ್ಲಿ ಓದುವುದಿಲ್ಲ ಎಂದು. ಮುಖ್ಯೋಪಾಧ್ಯಾಯರು ಕರೆದು ಕೇಳಿದರು. ಈ ವರ್ಷ ಹೀಗೆ ಮಾಡಿ ನೋಡುತ್ತೇನೆ ಸಾರ್ ಎಂದೆ. ನೋಡಿ, ಆದರೆ ರಿಸಲ್ಟ್ ಬೀಳಬಾರದು ಎಂದರು.

ಆ ಹುಡುಗಿಯ ಪುಸ್ತಕ ಆ ವಾರ ಖಾಲಿ ಬಂತು. ಗೆರೆ ಮಾತ್ರ ಹಾಕಿದ ಪುಟ, ಪ್ರಶ್ನೆ ಬರೆದದ್ದು, ಅದರ ಕೆಳಗೆ ‘ಗೊತ್ತಾಗಲಿಲ್ಲ’. ಮೂರು ಲೆಕ್ಕಕ್ಕೂ ಅದೇ. ನಾಲ್ಕು ದಿನ ಹಾಗೆಯೇ. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಅವಳನ್ನು ಜೊತೆಯಲ್ಲಿ ಕೂರಿಸಿಕೊಂಡು ಆರನೇ ತರಗತಿಯ ಭಿನ್ನರಾಶಿಯಿಂದ ಶುರು ಮಾಡಿದೆ. ಎರಡು ವರ್ಷ ಅವಳು ಏನನ್ನೂ ಕಲಿತಿರಲಿಲ್ಲ. ಕಲಿಯದೆ ಇದ್ದದ್ದು ಯಾರಿಗೂ ಕಂಡಿರಲಿಲ್ಲ.

ಇನ್ನೊಂದು ಕಡೆ ತಾಯಿಗೆ ನಾನೇ ಒಂದು ದಾರಿ ಹೇಳಿದ್ದೆ. ಫೋನ್ ಮಾಡಿ, ನಿಮಗೆ ಲೆಕ್ಕ ಮಾಡುವ ಆಸೆಯಿದ್ದರೆ ನಿಮ್ಮದೇ ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ, ಶನಿವಾರ ಮಗಳ ಕೈಯಲ್ಲಿ ಕೊಟ್ಟು ಕಳಿಸಿ, ನೋಡಿ ಕೊಡುತ್ತೇನೆ ಎಂದಿದ್ದೆ. ತುಂಬ ಒಳ್ಳೆಯ ಉಪಾಯ ಎಂದುಕೊಂಡಿದ್ದೆ. ಮೂರನೆಯ ಶನಿವಾರ ಹುಡುಗಿ ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಇನ್ಮೇಲೆ ನಾನು ತರಲ್ಲ ಮಿಸ್."

"ಯಾಕೆ?"

"ಎಲ್ಲಾರೂ ನಗ್ತಾರೆ. ನಿಮ್ಮಮ್ಮ ಯಾವ ಕ್ಲಾಸು ಅಂತಾರೆ." ಪುಸ್ತಕವನ್ನು ನನ್ನತ್ತ ತಳ್ಳಿದಳು. "ಅಮ್ಮಂಗೆ ಗುಡ್ ಹಾಕ್ತೀರ. ನಂಗೆ ಒಂದ್ಸಲಾನೂ ಹಾಕಿಲ್ಲ. ಮನೇಲೂ ಅದೇ, ಅಮ್ಮಂಗೆ ಬರುತ್ತೆ ನಿಂಗೆ ಬರಲ್ಲ ಅಂತ ಅಪ್ಪ ಅಂತಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ತಾಯಿಯ ಪುಸ್ತಕ ನೋಡುವಾಗ ನನಗೆ ಖುಷಿಯಾಗುತ್ತಿತ್ತು. ಮಗಳ ಪುಸ್ತಕ ನೋಡುವುದು ಕೆಲಸವಾಗಿತ್ತು. ಅದು ನಾನು ಬರೆಯುವ ಅಕ್ಷರದಲ್ಲೇ ಅವಳಿಗೆ ಕಂಡಿತ್ತು. ಇನ್ನು ಮುಂದೆ ನೀನು ತರಬೇಡ, ನಾನೇ ಮನೆಗೆ ಬಂದು ನೋಡುತ್ತೇನೆ ಎಂದೆ. ಹಾಗೆ ಹದಿನೈದು ದಿನಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗುವುದು ಶುರುವಾಯಿತು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಗೋಡೆಗೆ ಹೊಡೆದ ಮೊಳೆಗಳಲ್ಲಿ ಹೆಸರಿನ ಚೀಟಿ ಚುಚ್ಚಿದ ರವಿಕೆ ಬಟ್ಟೆಗಳು. ಮೊದಲ ಸಲ ಹೋದಾಗ ಹುಡುಗಿ ಹೊಸ್ತಿಲ ಹತ್ತಿರ ಚಾಪೆ ಹಾಕಿಕೊಂಡು ಹೋಂವರ್ಕಿಗೆ ಕೂತಿದ್ದಳು. ತಾಯಿ ಮೆಷಿನ್ ಮುಂದೆ. ನಾನು ಕುರ್ಚಿಯಲ್ಲಿ ಕೂತು ತಾಯಿಯ ಪುಸ್ತಕ ನೋಡುತ್ತಿದ್ದೆ. ಹುಡುಗಿ ಎರಡನೆಯ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಳು. ರಬ್ಬರಿನಿಂದ ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಮೆಷಿನ್ ನಿಂತಿತು. ತಾಯಿಯ ಕಣ್ಣು ಮಗಳ ಪುಸ್ತಕದ ಮೇಲಿತ್ತು. ಚಿಹ್ನೆ ಬದಲಾಯಿಸದೆ ಆಚೆ ಬದಿಗೆ ಬರೆದಿದ್ದಾಳೆ ಎಂಬುದು ಅವರಿಗೆ ಅಷ್ಟು ದೂರದಿಂದಲೇ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಅವರ ತುಟಿ ಅಲುಗಿತು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಎಂದೆ.

"ಕೊತ್ತಂಬ್ರಿ ಸೊಪ್ಪು ತತ್ತೀನಿ ಮೇಡಂ. ಇಲ್ಲೇ ಇದ್ರೆ ಹೇಳ್ಬುಡ್ತೀನಿ."

ಹೋದರು. ಇಪ್ಪತ್ತು ನಿಮಿಷ ಬರಲಿಲ್ಲ. ನಾನು ಅವರಷ್ಟು ಗಟ್ಟಿಯಲ್ಲದ ಕಾರಣ ಪುಸ್ತಕದಿಂದ ತಲೆ ಎತ್ತದೆ ಕೂತೆ. ಹುಡುಗಿ ಕೊನೆಗೆ ಏನೋ ಒಂದು ಉತ್ತರ ಬರೆದು, ಗೆರೆ ಎಳೆದು, ಮೂರನೆಯದಕ್ಕೆ ಹೋದಳು. ಉತ್ತರ ತಪ್ಪಾಗಿತ್ತು. ಮರುದಿನ ಶಾಲೆಯಲ್ಲಿ ಅದೇ ಲೆಕ್ಕವನ್ನು ಅವಳ ಜೊತೆ ನೋಡುವಾಗ ಅವಳೇ, "ಇಲ್ಲಿ ಮೈನಸ್ ಆಗ್ಬೇಕಿತ್ತಲ್ವಾ ಮಿಸ್" ಎಂದಳು. ಹೌದು ಎಂದೆ. ಅಷ್ಟೇ. ದೊಡ್ಡದೇನೂ ಆಗಲಿಲ್ಲ.

ಸೊಪ್ಪು ತರುವುದು ಅವರಿಗೆ ಪದ್ಧತಿಯಾಯಿತು. ಕೆಲವು ದಿನ ಸೊಪ್ಪು, ಕೆಲವು ದಿನ ಹಾಲು, ಕೆಲವು ದಿನ ಸುಮ್ಮನೆ ಎದುರು ಮನೆಯ ಜಗುಲಿ. ಅಲ್ಲಿ ಕೂತು ಅವರು ಏನು ಯೋಚಿಸುತ್ತಿದ್ದರೋ ಗೊತ್ತಿಲ್ಲ. "ಕೈ ಕಟ್ಕೊಂಡು ಕೂರೋದು ಲೆಕ್ಕ ಮಾಡೋದ್ಕಿಂತ ಕಷ್ಟ ಕಣ್ರೀ ಮೇಡಂ" ಎಂದು ಒಮ್ಮೆ ಹೇಳಿದ್ದುಂಟು.

ದಸರಾ ಹತ್ತಿರ ಬಂದಂತೆ ಆ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಹಬ್ಬಕ್ಕೆ ರವಿಕೆ ಬೇಕೆಂದು ಬೀದಿಯ ಹೆಂಗಸರೆಲ್ಲ ಬಟ್ಟೆ ಕೊಟ್ಟು ಹೋಗಿದ್ದರು. ನಾನು ಆ ಹದಿನೈದು ದಿನ ಹೋಗಲಿಲ್ಲ. ಶಾಲೆಗೆ ರಜೆ ಬರಲು ನಾಲ್ಕು ದಿನವಿದ್ದಾಗ, ಒಂದು ಬೆಳಿಗ್ಗೆ ನಾನು ಸ್ಕೂಟರ್ ನಿಲ್ಲಿಸುತ್ತಿರುವಾಗಲೇ ಹುಡುಗಿ ಬಂದು ಪಕ್ಕದಲ್ಲಿ ನಿಂತಳು.

"ಮಿಸ್, ಇವತ್ತು ಮಾಡಿಲ್ಲ."

"ಯಾಕೆ?"

"ಬ್ಲೌಸ್ ಇದ್ವು. ಹನ್ನೊಂದಕ್ಕೆ ಹುಕ್ಕು ಹಾಕ್ದೆ. ನಾಳೆ ಇವತ್ತಿಂದೂ ನಾಳೆದೂ ಎರಡೂ ತರ್ತೀನಿ."

"ಅಮ್ಮನ ಹತ್ರ ಮಾಡಿಸ್ಕೊಳ್ಳಲಿಲ್ವಾ?"

"ಅಮ್ಮ ಕೇಳಿದ್ರು, ಮಾಡ್ಕೊಡ್ಲಾ ಅಂತ. ನಾನೇ ಬೇಡ ಅಂದೆ."

ಬೇಡ ಎಂದದ್ದೇಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸರಿ ಹೋಗು ಎಂದೆ. ಮರುದಿನ ಆರು ಲೆಕ್ಕ ತಂದಳು. ನಾಲ್ಕು ಸರಿ, ಒಂದು ತಪ್ಪು, ಒಂದು ಅರ್ಧಕ್ಕೆ ನಿಂತು ಗೆರೆ ಎಳೆದದ್ದು. ಆ ಪುಟಕ್ಕೆ ನಾನು ‘ಗುಡ್’ ಎಂದು ಬರೆದೆ. ಬರೆದ ಮೇಲೆ, ಕರುಣೆಯಿಂದ ಬರೆದೆನೇನೋ ಎಂದು ಇನ್ನೊಮ್ಮೆ ಪುಟ ನೋಡಿದೆ. ಹಾಗಿರಲಿಲ್ಲ.

ಆ ವರ್ಷದ ಕೊನೆಯಲ್ಲಿ ತರಗತಿಯ ಒಟ್ಟು ಅಂಕಗಳು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಕಲು ಮಾಡುವುದು ಪೂರ್ತಿ ನಿಂತಿತು ಎಂದೂ ಹೇಳಲಾರೆ. ಮೂರು ಲೆಕ್ಕವನ್ನು ನಕಲು ಮಾಡುವುದು ಹತ್ತಕ್ಕಿಂತ ಸುಲಭ. ಆದರೆ ಏನು ಗೊತ್ತಾಗಲಿಲ್ಲ ಎಂಬ ಸಾಲನ್ನು ನಕಲು ಮಾಡಿದರೆ ಸಿಕ್ಕಿಬೀಳುತ್ತಿದ್ದರು. ಅದನ್ನು ಮಾತ್ರ ಹೆಚ್ಚಿನವರು ತಾವೇ ಬರೆಯುತ್ತಿದ್ದರು. ನನಗೆ ಪಾಠ ಮಾಡಲು ಬೇಕಾದದ್ದು ಆ ಸಾಲಿನಲ್ಲೇ ಸಿಗುತ್ತಿತ್ತು.

ಹುಡುಗಿ ಒಂಬತ್ತನೇ ತರಗತಿಗೆ ಬಂದಳು. ತಾಯಿಯೂ ತಮ್ಮ ಪುಸ್ತಕದಲ್ಲಿ ಒಂಬತ್ತಕ್ಕೆ ಬಂದರು. ಅವರು ಓದು ನಿಲ್ಲಿಸಿದ ತರಗತಿ ಅದು. ಆಗ ನನಗೆ ಒಂದು ಉತ್ಸಾಹ ಬಂತು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಬೇಕು ಎಂದು. ಅರ್ಜಿ ಯಾವಾಗ ಕರೆಯುತ್ತಾರೆ, ಏನೇನು ದಾಖಲೆ ಬೇಕು ಎಂದೆಲ್ಲ ವಿಚಾರಿಸಿಕೊಂಡು, ಒಂದು ಸಂಜೆ ಅವರ ಮನೆಗೆ ಹೋಗಿ ಹೇಳಿದೆ.

"ಬೇಡ ಮೇಡಂ" ಎಂದರು.

"ಗಣಿತ ನಿಮಗೆ ಚೆನ್ನಾಗಿ ಬರುತ್ತೆ. ಬೇರೆ ವಿಷಯಗಳಿಗೆ ನಾನು ವ್ಯವಸ್ಥೆ ಮಾಡ್ತೀನಿ."

"ಬೇರೆ ವಿಷ್ಯ ನನ್ಗೆ ಇಷ್ಟ ಇಲ್ಲ."

"ಸರ್ಟಿಫಿಕೇಟ್ ಇದ್ರೆ ನಾಳೆ ಏನಕ್ಕಾದ್ರೂ ಆಗುತ್ತೆ."

"ಏನಕ್ಕೆ ಮೇಡಂ? ನಾನು ಕೆಲ್ಸಕ್ಕೆ ಹೋಗಲ್ಲ. ಹೊಲಿಗೆ ಸಾಕು ನನ್ಗೆ. ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಕೂತ್ಕೊಂಡು ಲೆಕ್ಕ ಮಾಡ್ತೀನಿ, ಆಗ ಯಾರೂ ನನ್ನ ಕೇಳಂಗಿಲ್ಲ. ಪರೀಕ್ಷೆ ಅಂದ್ರೆ ಭಯ ಸುರುವಾಯ್ತದೆ. ಆಮೇಲೆ ಇದೂ ಬೇಡ ಅನ್ಸ್ಬುಡ್ತದೆ."

ಇನ್ನೂ ಎರಡು ಸಲ ಹೇಳಿ ನೋಡಿದೆ. ಕೊನೆಯ ಸಲ ಸ್ವಲ್ಪ ಕಟುವಾಗಿಯೇ, ಹಾಗಾದರೆ ಇಷ್ಟೆಲ್ಲ ಮಾಡಿ ಏನು ಬಂತು ಎಂದುಬಿಟ್ಟೆ. ಅವರು ಕಾಫಿ ತಂದುಕೊಟ್ಟರು. ಒಂದು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಆಮೇಲೆ ಹೋದಾಗ ನಾಲ್ಕು ಅಧ್ಯಾಯದ ಲೆಕ್ಕಗಳು ನೋಡುವುದಕ್ಕೆ ಕಾದಿದ್ದವು. ನಾನು ಬಂದರೂ ಬರದಿದ್ದರೂ ಅವರ ಮಧ್ಯಾಹ್ನದ ಒಂದು ಗಂಟೆ ನಡೆದೇ ಇತ್ತು. ಪೋಷಕರ ಸಭೆಯಲ್ಲಿ ನಾನು ವರ್ಷಗಟ್ಟಲೆ ಹೇಳುತ್ತಿದ್ದ ಅಭ್ಯಾಸ ಎಂಬುದನ್ನು ಅಷ್ಟು ಪೂರ್ತಿಯಾಗಿ ನಾನು ನೋಡಿದ್ದು ಅಲ್ಲೊಂದೇ ಕಡೆ. ಅದನ್ನು ಯಾರೂ ಅವರಿಗೆ ಕಡ್ಡಾಯ ಮಾಡಿರಲಿಲ್ಲ. ಪರೀಕ್ಷೆಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಮಗಳ ವಿಷಯ ಬೇರೆ. ಅವಳಿಗೆ ಗಣಿತ ಇಷ್ಟವಾಗಲೇ ಇಲ್ಲ. ಹತ್ತನೇ ತರಗತಿಯಲ್ಲೂ ಪ್ರಮೇಯ ಎಂದರೆ ಮುಖ ಗಂಟಿಕ್ಕುತ್ತಿದ್ದಳು. ಆದರೆ ಸಂಜೆ ಆರೂವರೆಗೆ ಚಾಪೆ ಹಾಕುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ ಎಂದು ತಾಯಿ ಹೇಳುತ್ತಿದ್ದರು. ಮೊದಲು ಬೇಡವಾದ ಗಣಿತ, ಆಮೇಲೆ ಇಷ್ಟವಾದ ವಿಜ್ಞಾನ, ಕೊನೆಗೆ ಸಮಾಜ. ಆ ಕ್ರಮ ಅವಳೇ ಮಾಡಿಕೊಂಡದ್ದು. ಮಾಡಿಲ್ಲದ ದಿನ ಬಂದು ಹೇಳುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನಲವತ್ತೊಂದು ಬಂತು, ವಿಜ್ಞಾನಕ್ಕೆ ಎಪ್ಪತ್ತರ ಮೇಲೆ. ಫಲಿತಾಂಶ ಬಂದ ದಿನ ಅವಳು ಫೋನ್ ಮಾಡಿ, "ಪಾಸಾದೆ ಮಿಸ್" ಎಂದಳು. ಹಿಂದಿನಿಂದ ತಾಯಿಯ ಧ್ವನಿ, ನಲವತ್ತೊಂದಾ, ಎಷ್ಟು ಲೆಕ್ಕ ಬುಟ್ಟಿದ್ದೀಯ ಅಂಗಾದ್ರೆ ಎಂದು ಕೇಳಿಸಿತು. ಅವಳು, ಅಮ್ಮ ಸುಮ್ನಿರು ಎಂದಳು.

ಈ ಬದಲಾವಣೆಯಲ್ಲಿ ಮೂರು ಲೆಕ್ಕದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು, ಎದ್ದು ಹೊರಗೆ ಹೋದ ತಾಯಿಯ ಪಾಲೆಷ್ಟು ಎಂದು ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಅದೇ ತರಗತಿಯಲ್ಲಿ ಅದೇ ಮೂರು ಲೆಕ್ಕ ಮಾಡಿ ಏನೂ ಬದಲಾಗದ ಮಕ್ಕಳೂ ಇದ್ದರು. ಅವರಲ್ಲಿ ಇಬ್ಬರು ಗಣಿತದಲ್ಲಿ ಫೇಲಾಗಿ ಮತ್ತೆ ಬರೆದರು. ಅವರ ಮನೆಗಳಿಗೆ ನಾನು ಹೋಗಿರಲಿಲ್ಲ. ಎಲ್ಲರ ಮನೆಗೂ ಹೋಗುವುದು ಆಗುವ ಮಾತಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು, ಹೇಳಿಕೊಂಡಿದ್ದೇನೆ.

ಈಚೆಗೆ ಒಂದು ಸಂಜೆ ಅವಳು ಅಗ್ರಹಾರದ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಿದ್ದಾಳೆ. ಎತ್ತರವಾಗಿದ್ದಾಳೆ, ಬಿಳಿ ಕೋಟನ್ನು ಮಡಿಸಿ ಕೈಮೇಲೆ ಹಾಕಿಕೊಂಡಿದ್ದಳು. ಸ್ಕೂಟರ್ ಪಕ್ಕಕ್ಕೆ ನಿಲ್ಲಿಸಿ ಮಾತಾಡಿಸಿದೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ, ಮೆಷಿನ್‌ಗೆ ಮೋಟಾರ್ ಹಾಕಿಸಿಕೊಂಡಿದ್ದಾರೆ, ಪಕ್ಕದ ಮನೆ ಹುಡುಗನ ಹತ್ತಿರ ಪಿಯುಸಿ ಪುಸ್ತಕ ಇಸ್ಕೊಂಡಿದ್ದಾರೆ, ಅದು ಇಂಗ್ಲಿಷಿನಲ್ಲಿದೆ ಎಂದು ಬೈಕೊಂಡು ಮಾಡುತ್ತಿದ್ದಾರೆ ಎಂದಳು. ಮನೆಗೆ ಬಾ, ಹತ್ತಿರದಲ್ಲೇ ಇದೆ, ಕಾಫಿ ಕುಡಿದು ಹೋಗುವಿಯಂತೆ ಎಂದೆ.

"ಇನ್ನೊಂದ್ಸಲ ಬರ್ತೀನಿ ಮಿಸ್. ನಾಳೆ ರೆಕಾರ್ಡ್ ಸಬ್ಮಿಟ್ ಮಾಡ್ಬೇಕು, ಎರಡು ಪ್ರಯೋಗ ಬರೆಯೋದು ಬಾಕಿ ಇದೆ."

"ಫ್ರೆಂಡ್ಸ್‌ದು ನೋಡಿ ಬರ್ಕೊಳಲ್ವಾ?"

"ಒಂದ್ಸಲ ಬರ್ಕೊಂಡಿದ್ದೆ" ಎಂದಳು. "ವೈವಾದಲ್ಲಿ ಕೇಳಿದ್ರು, ಗೊತ್ತಾಗ್ಲಿಲ್ಲ."

ಬಸ್ ಬಂತು. ಅವಳು ಹಿಂದಿನ ಬಾಗಿಲಲ್ಲಿ ಹತ್ತಿ, ಕಂಬಿ ಹಿಡಿದುಕೊಂಡು ಕೈಯೆತ್ತಿದಳು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಲಕ್ಷ್ಮೀಪುರಂ ಕಡೆ ತಿರುಗಿದೆ.